ಕಡಲಕುದುರೆಗೆ ಬಯಕೆ ಊಟ

ಟೀ ಸೋಸುವ ಜರಡಿಯಲ್ಲಿ ಸೀಗಡಿ ತೊಳೆಯುತ್ತಿದ್ದೆ. ಸೀಗಡಿ ಎಂದರೆ ನಮ್ಮ ಗಂಗೊಳ್ಳಿ ಬಂದರಿನಲ್ಲಿ ಬುಟ್ಟಿಗಟ್ಟಲೆ ಸುರಿಯುವಂಥದಲ್ಲ. ಜೀರಿಗೆಯಷ್ಟೇ ಇರುವ, ಚೌಕ ಚೌಕ ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡು ಬರುವ ಪುಟಾಣಿ ಸೀಗಡಿ. ಒಂದು ಚೌಕ ಮುರಿದು ಜರಡಿಗೆ ಹಾಕಿ, ನಲ್ಲಿಯ ಕೆಳಗೆ ಹಿಡಿದು, ಕಲಕು ನೀರು ಹೋಗುವ ತನಕ ತಿರುಗಿಸಬೇಕು. ಆ ನೀರು ತೊಟ್ಟಿಗೆ ಬಿದ್ದರೆ ತೊಟ್ಟಿ ಕೆಡುತ್ತದೆ. ಮೀನು ತಿಂದು ಬೆಳೆದವಳು ನಾನು. ಮೀನಿಗೆ ತಿನ್ನಿಸುವ ಕೆಲಸ ಕಲಿತದ್ದು ಕಡಲಾಚೆಯ ದೇಶದ ಈ ಪೆನಾಂಗಿಗೆ ಬಂದ ಮೇಲೆ.

"ಅಜ್ಜೀ! ಕಮ್, ಕಮ್! ಮೈಲೋನ ಹೊಟ್ಟೆ ನೋಡಿ!"

ಕೂಗಿದವಳು ಮೊಮ್ಮಗಳು ಸಮೀಕ್ಷಾ. ಶಾಲೆ ಮುಚ್ಚಿ, ಪಾಠವೆಲ್ಲ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿತ್ತು. ಅವಳ ಕಣ್ಣು ಮಾತ್ರ ಸದಾ ಪಕ್ಕದ ಗಾಜಿನ ತೊಟ್ಟಿಯ ಮೇಲೆ. ಆ ತೊಟ್ಟಿಯಲ್ಲಿ ಎರಡು ಕಡಲಕುದುರೆ. ಕಂದು ಬಣ್ಣದ್ದು ಮೈಲೋ, ಗಂಡು. ಹಳದಿಯದು ಕಾಯಾ, ಹೆಣ್ಣು. ಒಂದು ಇಲ್ಲಿಯವರು ಹಾಲಿಗೆ ಕಲಸುವ ಚಾಕಲೇಟು ಪುಡಿಯ ಹೆಸರು, ಇನ್ನೊಂದು ಬ್ರೆಡ್ಡಿಗೆ ಸವರುವ ತೆಂಗಿನಹಾಲಿನ ಜಾಮಿನ ಹೆಸರು. ಹೊಟ್ಟೆಬಾಕ ಹುಡುಗಿ ಹೆಸರಿಟ್ಟರೆ ಹೀಗೇ.

ಜರಡಿ ಹಿಡಿದುಕೊಂಡೇ ಹೋದೆ. ಪ್ಲಾಸ್ಟಿಕ್ ಹುಲ್ಲಿಗೆ ಬಾಲ ಸುತ್ತಿಕೊಂಡು ಮೈಲೋ ನಿಂತಿತ್ತು. ಹೊಟ್ಟೆಯ ಕೆಳಗಿನ ಚೀಲ ಉಬ್ಬಿ, ಚರ್ಮ ಬಿಗಿದು ಮಿರಮಿರ ಹೊಳೆಯುತ್ತಿತ್ತು.

"ಬಸಿರು ಅಜ್ಜಿ, ಬಸಿರು!" ಎಂದು ಕುಣಿದಳು. ಅವಳ ಮಾತು ಅರ್ಧ ಕನ್ನಡ, ಅರ್ಧ ಇಂಗ್ಲಿಷು. ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಮೈಲೋ ಗಂಡು ಅಲ್ದಾ ಮಾರಾಯ್ತಿ?"

"ಇವುಗಳಲ್ಲಿ ಅಪ್ಪನೇ ಬಸಿರಾಗೋದು. ಅಮ್ಮ ಮೊಟ್ಟೆಯನ್ನು ಅಪ್ಪನ ಚೀಲಕ್ಕೆ ಹಾಕಿ ಆರಾಮಾಗಿ ಇರ್ತಾಳೆ."

"ಆ ದೇವರಿಗೆ ಬುದ್ಧಿ ಉಂಟು," ಎಂದೆ. "ಮನುಷ್ಯರ ಹತ್ತಿರ ಬರುವಾಗ ಮರೆತುಹೋಯಿತು ಕಾಣು."

ಒಳಗಿನ ಕೋಣೆಯಿಂದ ಸೊಸೆ ನಕ್ಕದ್ದು ಕೇಳಿತು. ಸೊಸೆ ಭವ್ಯಶ್ರೀ ಮೈಸೂರಿನವಳು. ಇಲ್ಲಿ ಬಯಾನ್ ಲೆಪಾಸಿನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯಲ್ಲಿ ಎಂಜಿನಿಯರು. ಊರೆಲ್ಲ ಬೀಗ ಹಾಕಿಕೊಂಡರೂ ಆ ಫ್ಯಾಕ್ಟರಿ ನಿಲ್ಲಲಿಲ್ಲ. ವಾರಕ್ಕೆ ಕೆಲವು ದಿನ ಹೋಗುವಳು, ಉಳಿದ ದಿನ ಮನೆಯಿಂದ.

"ಅವರಿಗೆ ಹೇಳ್ಬೇಕು ಅತ್ತೆ," ಎಂದು ಹೊರಗೆ ಬಂದಳು. ಅವಳ ಮುಖದಲ್ಲಿ ಅಂಥ ಬೆಳಕು ನೋಡಿ ತುಂಬ ದಿನವಾಗಿತ್ತು.

ಅವರು ಎಂದರೆ ಸದಾಶಿವ, ನನ್ನ ಮಗ. ಸರಕಿನ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು. ಹಡಗು ಹತ್ತುವ ಮೊದಲು, ಹೆಂಡತಿ ಮಗಳಿಗೆ ಜೊತೆಯಾಗಲಿ ಎಂದು ನನ್ನನ್ನು ಊರಿನಿಂದ ಕರೆಸಿದ. ಆಗಲೇ ಪಕ್ಕದ ರಾಜ್ಯ ಕೆಡಾದಲ್ಲಿ ಕಡಲಕುದುರೆ ಸಾಕುವ ಒಬ್ಬರಿಂದ ಈ ಜೋಡಿಯನ್ನೂ ತಂದ. "ಇವು ಸಮುದ್ರದಲ್ಲಿ ಹಿಡಿದದ್ದಲ್ಲ ಅಮ್ಮ, ತೊಟ್ಟಿಯಲ್ಲೇ ಹುಟ್ಟಿದ್ದು. ಹಿಡಿದು ತಂದದ್ದು ಜೀವದ ಸೀಗಡಿ ಬಿಟ್ಟು ಬೇರೆ ಮುಟ್ಟುವುದಿಲ್ಲ, ಕೊರಗಿ ಸಾಯ್ತದೆ. ಇವು ಸತ್ತ ಸೀಗಡಿ ತಿಂದು ಐದು ವರ್ಷ ಬದುಕ್ತವೆ. ನಾನು ಎಷ್ಟು ಸಲ ಹೋಗಿ ಬಂದ್ರೂ ಇಲ್ಲೇ ಇರ್ತವೆ," ಎಂದಿದ್ದ.

ಅವನು ಹೋದ ಬೆನ್ನಿಗೇ ಲೋಕಕ್ಕೆಲ್ಲ ಕಾಯಿಲೆ ಬಂತು, ಗಡಿಗಳು ಮುಚ್ಚಿದವು. ನಾನು ಇಲ್ಲಿ ಸಿಕ್ಕಿಬಿದ್ದೆ, ಅವನು ನೀರಿನ ಮೇಲೆ ಸಿಕ್ಕಿಬಿದ್ದ. ಒಂಬತ್ತು ತಿಂಗಳ ಕರಾರು ಮುಗಿದು, ವರ್ಷ ದಾಟಿ, ಇನ್ನೂ ಮುಂದೆ ಹೋಯಿತು. ಯಾವ ಬಂದರಿನವರೂ ಹಡಗಿನವರನ್ನು ಇಳಿಸಿಕೊಳ್ಳಲಿಲ್ಲ. ಸರಕು ಬೇಕು, ತಂದವರು ಬೇಡ. ಮೊದಮೊದಲು ಮಗ ಫೋನಿನಲ್ಲಿ ಸಿಟ್ಟು ಮಾಡುತ್ತಿದ್ದ. ಆಮೇಲೆ ಅವನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಎಳೆಯ ಖಲಾಸಿ, ಹಾಡಹಗಲಿನಲ್ಲಿ, ಎಲ್ಲರೂ ಊಟಕ್ಕೆ ಕೂತಿದ್ದಾಗ ಎದ್ದು ಹೋಗಿ ಹಡಗಿನ ಅಂಚಿನ ಕಟಕಟೆ ದಾಟಿ ನೀರಿಗೆ ಬಿದ್ದ. ಸಿಗಲಿಲ್ಲ. ಅಂದಿನಿಂದ ಸದಾಶಿವ ಸಿಟ್ಟು ಮಾಡುವುದನ್ನೂ ಬಿಟ್ಟ. ವೀಡಿಯೋದಲ್ಲಿ ಮುಖ ಕಾಣುವುದು, ಮಾತು ಇಲ್ಲ. ಕೇಳಿದರೆ ಒಂದೇ: "ಕುದುರೆ ಹೇಗಿವೆ?" ತೊಟ್ಟಿಯ ಮುಂದೆ ಫೋನು ಹಿಡಿದರೆ ಅವನು ಸುಮ್ಮನೆ ನೋಡುತ್ತಾ ಕೂರುವನು. ಭವ್ಯಾಳ ಕೈ ಸೋತರೆ ನಾನು ಹಿಡಿಯುವುದು, ನನ್ನ ಕೈ ಸೋತರೆ ಮಗು ಹಿಡಿಯುವುದು. ನಾವು ಮೂವರೂ ಬಾಯಿಬಿಟ್ಟು ಹೇಳಿಕೊಳ್ಳದ ಭಯ ಒಂದೇ ಆಗಿತ್ತು, ಆ ಕಟಕಟೆಯದು.

ಹಾಗಾಗಿ ಮೈಲೋ ಬಸಿರು ಎಂದು ಕೇಳಿದಾಗ ಅವನು ಏನು ಮಾಡಿದ ಎಂಬುದನ್ನು ಬರೆಯಲೇಬೇಕು. ನಕ್ಕ. ಹಲ್ಲು ಕಾಣುವ ಹಾಗೆ ನಕ್ಕ.

"ಗಂಡು ಬಸಿರಾದ್ರೆ ಬಯಕೆ ಊಟ ಇಲ್ವಾ ಅಮ್ಮ? ಹೆಣ್ಣಿಗೆ ಮಾತ್ರವಾ?"

"ನಿನ್ನ ಹೆಂಡತಿಯ ಬಸಿರಿಗೆ ಹಾಕಿದ್ದೇನೆ. ನಿನ್ನ ಕುದುರೆಗೂ ಹಾಕುವ, ಅದಕ್ಕೆಂತ!" ಎಂದೆ.

ತಮಾಷೆಗೆ ಹೇಳಿದ್ದು. ಅವನು ಬಿಡಲಿಲ್ಲ. ಶುಕ್ರವಾರ ಹಡಗಿನಲ್ಲಿ ಎಲ್ಲರೂ ಬಿಡುವಾಗಿರುತ್ತಾರೆ, ಆವತ್ತೇ ಮಾಡಿ, ವೀಡಿಯೋ ಹಾಕಿ ಎಂದ. ಸರಿ, ಮಾಡಿದೆವು. ಕೆಳಗಿನ ಮನೆಯ ತಮಿಳು ಸರೋಜಿನಿ ಗುಂಡು ಮಲ್ಲಿಗೆ ಕೊಟ್ಟಳು. ತೊಟ್ಟಿಯ ಮೂಲೆಗೆ ಮಲ್ಲಿಗೆ ಇಳಿಬಿಟ್ಟು, ಮೇಲೆ ಒಂದು ಹಸಿರು ಬಳೆ ಇಟ್ಟೆ. ನಾನು ಚಿತ್ರಾನ್ನ, ಪಾಯಸ, ಮೀನು ಸಾರು ಮಾಡಿದೆ. ಮೀನಿನ ಎದುರು ಮೀನು ಸಾರೇ ಎಂದು ಮಗು ಹೇಸಿಗೆಪಟ್ಟಳು. ಮೈಲೋಗೆ ಅವತ್ತು ಎರಡು ಪಾಲು ಸೀಗಡಿ. ಬಸುರಿಯ ಬಾಯಿಗೆ ಕಡಿಮೆ ಮಾಡಬಾರದಲ್ಲ! ಫೋನಿನಲ್ಲಿ ಹಡಗಿನ ಊಟದ ಕೋಣೆ ತುಂಬ ಜನ. ಫಿಲಿಪೀನಿನ ಅಡುಗೆಯವನು ಕೇಕು ಮಾಡಿದ್ದ. ನಾನು ಎರಡು ಸಾಲು ಶೋಭಾನೆ ಹೇಳಿದೆ. ಭಾಷೆ ತಿಳಿಯದ ಗಂಡಸರೆಲ್ಲ ಚಪ್ಪಾಳೆ ಹೊಡೆದರು. ಮರಿ ಎಷ್ಟಾಗುತ್ತದೆ ಎಂದು ಪಂದ್ಯ ಕಟ್ಟಿದ್ದಾರಂತೆ.

"ನೂರರ ಮೇಲೆ ಅಂತ ನಂದು," ಎಂದ ಸದಾಶಿವ. "ಅಮ್ಮ, ಮರಿ ಹಾಕಿದ ಕೂಡ್ಲೇ ಹೇಳ್ಬೇಕು."

ಕೆಲವು ದಿನ ಕಳೆದು ಮೈಲೋ ತೇಲಿತು.

ಬಾಲ ಮೇಲೆ, ತಲೆ ಕೆಳಗೆ. ಬಾಲದಿಂದ ಹುಲ್ಲು ಹಿಡಿಯಲು ನೋಡುವುದು, ಹೊಟ್ಟೆ ಅದನ್ನು ಬಲೂನಿನ ಹಾಗೆ ಮೇಲಕ್ಕೆ ಎಳೆಯುವುದು. ಕಾಯಾ ಅದರ ಕೆಳಗೆ ಬಂದು ನಿಂತು ನೋಡುತ್ತಿತ್ತು. ದಿನಾ ಬೆಳಿಗ್ಗೆ ಎರಡೂ ಬಾಲಕ್ಕೆ ಬಾಲ ಹೆಣೆದು ಒಂದು ಸುತ್ತು ತಿರುಗುತ್ತಿದ್ದವು. ಅವತ್ತು ಕಾಯಾ ಒಂದೇ ತಿರುಗಿತು.

ಭವ್ಯಾ ಕೆಡಾದ ಸಾಕುವವರಿಗೆ ವೀಡಿಯೋ ಕರೆ ಮಾಡಿದಳು. ಖೂ ಎಂದು ಅವರ ಹೆಸರು. ನನ್ನ ವಯಸ್ಸಿನವರೇ ಇರಬಹುದು. ಬನಿಯನ್ನು ಹಾಕಿಕೊಂಡು, ಹಿಂದೆ ಸಾಲು ಸಾಲು ತೊಟ್ಟಿ. ಅವರ ಮಾತನ್ನು ಸಮೀಕ್ಷಾ ನನಗೆ ಹೇಳುತ್ತಿದ್ದಳು.

ಖೂ ಫೋನನ್ನು ಹತ್ತಿರ ಹಿಡಿಯಲು ಹೇಳಿದರು. ನೋಡಿದರು. ತಲೆ ಕೆರೆದುಕೊಂಡರು.

"ನೋ ಬೇಬಿ ಲಾ, ಆಂಟಿ. ಏರ್."

ಅದು ನನಗೂ ಅರ್ಥವಾಯಿತು. ಮರಿ ಅಲ್ಲ, ಗಾಳಿ.

ಗಂಡಿನ ಚೀಲದಲ್ಲಿ ಹೀಗೆ ಗಾಳಿ ತುಂಬುವ ರೋಗ ಉಂಟಂತೆ. ಬಸಿರಿನ ಹಾಗೇ ಕಾಣುತ್ತದಂತೆ. ನಾವು ರೋಗಕ್ಕೆ ಮಲ್ಲಿಗೆ ಮುಡಿಸಿ, ಪಾಯಸ ಮಾಡಿ, ಶೋಭಾನೆ ಹೇಳಿದ್ದೆವು.

ಬೇರೆ ಸಣ್ಣ ತೊಟ್ಟಿಯಲ್ಲಿಟ್ಟು, ಚೀಲವನ್ನು ಮೆಲ್ಲಗೆ ಒತ್ತಿ ಗಾಳಿ ತೆಗೆಯಬೇಕು, ನೀರಿಗೆ ಒಂದು ಔಷಧಿ ಕರಗಿಸಿ ಹಾಕಬೇಕು ಎಂದರು. ಔಷಧಿಯ ಹೆಸರನ್ನು ಬರೆದು ಕಳಿಸಿದರು. "ಇದು ಮನುಷ್ಯರ ಮಾತ್ರೆ. ಡಾಕ್ಟರ ಚೀಟಿ ಇಲ್ಲದೆ ಅಂಗಡಿಯವರು ಕೊಡುವುದಿಲ್ಲ. ಮೀನಿಗೆ ಚೀಟಿ ಬರೆಯುವ ಡಾಕ್ಟರನ್ನು ನಾನು ಈ ತನಕ ನೋಡಿಲ್ಲ," ಎಂದರು.

ಸಮೀಕ್ಷಾ ಆ ಉದ್ದದ ಹೆಸರನ್ನು ಅಕ್ಷರ ಅಕ್ಷರ ಓದಿದಳು. ಓದುತ್ತಿದ್ದ ಹಾಗೆ ಅವಳೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ನನ್ನ ಕಣ್ಣಿನ ಒತ್ತಡಕ್ಕೆ ಕುಂದಾಪುರದ ಡಾಕ್ಟರು ಕೊಟ್ಟ ಮಾತ್ರೆ ಅದೇ. ಬೆಳಿಗ್ಗೆ ನನಗೆ ಅದನ್ನು ಬಿಡಿಸಿ ಕೊಡುವವಳು ಅವಳೇ.

"ಬೇಡ ಅತ್ತೆ," ಎಂದಳು ಭವ್ಯಾ, ನಾನು ಏಳುವ ಮೊದಲೇ. "ನಿಮ್ಮ ಕಣ್ಣು ಏನಾಗ್ಬೇಕು? ಊರಿಂದ ಔಷಧಿ ಬರ್ತಿಲ್ಲ. ಈ ಟೈಮಲ್ಲಿ ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ನನಗೆ ಧೈರ್ಯ ಇಲ್ಲ."

"ಕಣ್ಣಿಗೆ ಡ್ರಾಪ್ಸ್ ಉಂಟಲ್ಲ. ಅರ್ಧ ನನಗೆ, ಅರ್ಧ ಅದಕ್ಕೆ."

"ಒಂದು ಮೀನಿಗೋಸ್ಕರ?"

"ಮೀನಿಗೋಸ್ಕರ ಅಂತ ನಿನಗೆ ಯಾರು ಹೇಳಿದ್ರು?"

ಅವಳು ಅರ್ಧ ಮಾತ್ರೆ ಮುರಿದು ಸಣ್ಣ ತೊಟ್ಟಿಯ ನೀರಿಗೆ ಕರಗಿಸಿದಳು.

ಮೈಲೋ ನನ್ನ ಅಂಗೈಯಲ್ಲಿ, ನೀರಿನೊಳಗೆ. ಸಣ್ಣ ಮೂಳೆಗಳ ಗಂಟು. ಬೆರಳ ತುದಿಯಿಂದ ಚೀಲವನ್ನು ಕೆಳಗಿನಿಂದ ಮೇಲಕ್ಕೆ ಒತ್ತಿದರೆ, ಸಾಸಿವೆಯಷ್ಟು ಗುಳ್ಳೆ, ಆಮೇಲೆ ಇನ್ನೊಂದು, ಆಮೇಲೆ ಸರಸರನೆ ನಾಲ್ಕೈದು. ಮೈಲೋ ಇಳಿಯಿತು. ಸೀದಾ ಆಯಿತು. ನನ್ನ ಕಿರುಬೆರಳಿಗೆ ಬಾಲ ಸುತ್ತಿ ಹಿಡಿಯಿತು. ಸಮೀಕ್ಷಾ ಅತ್ತುಬಿಟ್ಟಳು.

ಎರಡು ದಿನ ಬಿಟ್ಟು ಮತ್ತೆ ತೇಲಿತು. ಮತ್ತೆ ತೆಗೆದೆ. ಮತ್ತೆ ತುಂಬಿತು.

ಆ ಕಡೆ ಹಡಗಿನಿಂದ ದಿನಾ ಒಂದೇ ಪ್ರಶ್ನೆ. "ಮರಿ ಹಾಕ್ತಾ?"

"ಹೇಳಿಬಿಡೋಣ ಅತ್ತೆ," ಎಂದು ಭವ್ಯಾ ಮೊದಲ ದಿನವೇ ಹೇಳಿದ್ದಳು. ಬಿಡದವಳು ನಾನು. ನಮ್ಮಲ್ಲಿ ಒಂದು ಪದ್ಧತಿ ಉಂಟು. ನೀರಿನ ಮೇಲಿರುವವನಿಗೆ ಕೆಟ್ಟ ಸುದ್ದಿ ಮುಟ್ಟಿಸಬಾರದು. ನನ್ನ ಮಾವ ತೀರಿಕೊಂಡಾಗ ನನ್ನ ಗಂಡ ದೂರದ ಕಡಲಿನಲ್ಲಿ ಬೋಟಿನ ಮೇಲಿದ್ದರು. ವೈರ್‌ಲೆಸ್ಸಿನಲ್ಲಿ ಕೇಳಿದರೆ ಎಲ್ಲ ಆರಾಮ ಎಂದೇ ಹೇಳಿದ್ದು. ಅವರು ಬಂದು, ಬೋಟು ಕಟ್ಟುವ ದಕ್ಕೆಯ ಮೇಲೆ ಕಾಲಿಟ್ಟು, ಕೈಯ ಹಗ್ಗ ಕೆಳಗಿಟ್ಟ ಮೇಲೆ ಅವರ ಅಣ್ಣ ಹೋಗಿ ಹೆಗಲ ಮೇಲೆ ಕೈಯಿಟ್ಟರು. ನೀರಿನ ಮೇಲೆ ಮನಸ್ಸು ಕದಡಿದರೆ ಕಾಲು ತಪ್ಪುತ್ತದೆ, ಅಷ್ಟೇ ಅದರ ಅರ್ಥ. ಇದನ್ನೆಲ್ಲ ನಾನು ಭವ್ಯಾಳಿಗೆ ಹೇಳಿದೆ. ಅವಳು ಮೈಸೂರಿನವಳು, ಹೊಳೆಯನ್ನೂ ಸರಿಯಾಗಿ ನೋಡಿದವಳಲ್ಲ. ಆದರೆ ಆ ಖಲಾಸಿ ಹುಡುಗ ಅವಳ ತಲೆಯಲ್ಲೂ ಇದ್ದ. ಒಪ್ಪಿದಳು.

ಮೈಲೋ ತಿನ್ನುವುದನ್ನು ಬಿಟ್ಟಿತು. ಕಡಲಕುದುರೆಗೆ ಒಳಗೆ ಜಠರ ಅಂತ ಒಂದು ಇಲ್ಲವಂತೆ, ತಿಂದದ್ದು ನಿಲ್ಲುವುದಿಲ್ಲ. ಹಾಗಾಗಿ ಉಪವಾಸ ತಾಳುವ ಪ್ರಾಣಿ ಅಲ್ಲ. ಒಂದು ಬೆಳಿಗ್ಗೆ ಸಣ್ಣ ತೊಟ್ಟಿಯ ತಳದಲ್ಲಿ ಮಲಗಿತ್ತು. ಈಗ ತೇಲುತ್ತಿರಲಿಲ್ಲ.

ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಹುಗಿದೆವು. ಕುಂಡದ ಹತ್ತಿರ ನಿಂತಿರುವಾಗಲೇ ಭವ್ಯಾಳ ಫೋನು ಕುಣಿಯಿತು, ವೀಡಿಯೋ ಇಲ್ಲದ ಕರೆ. ಹಡಗಿನದು.

"ಭವೀ, ಏನಾಯ್ತೇ? ಇನ್ನೂ ಇಲ್ವಾ? ಅಡುಗೆಯವನು ನನ್ನ ಆಡಿಕೊಳ್ತಾ ಇದ್ದಾನೆ. ನಿನ್ನ ಕುದುರೆ ಆನೆ ಹೆರ್ತದಾ ಅಂತಾನೆ."

ಅವಳು ನನ್ನ ಕಡೆ ನೋಡಿದಳು. ನಾನು ತಲೆ ಅಲ್ಲಾಡಿಸಿದೆ, ಬೇಡ ಎಂದು. ಅವಳ ಮುಖ ಗಟ್ಟಿಯಾಯಿತು.

"ಆಯ್ತು ರೀ," ಎಂದಳು. "ಬೆಳಿಗ್ಗೆನೇ ಆಯ್ತು. ತುಂಬಾ ಇವೆ. ಎಣಿಸೋಕಾಗಲ್ಲ."

ಆ ಕಡೆಯಿಂದ ಕಿರುಚಾಟ, ತಟ್ಟೆ ಬಡಿಯುವ ಸದ್ದು. ಅವಳ ಕೈಗೆ ಇನ್ನೂ ಕುಂಡದ ಮಣ್ಣು ಮೆತ್ತಿತ್ತು.

ಫೋನು ಇಟ್ಟ ಮೇಲೆ ನನ್ನ ಮೇಲೆ ತಿರುಗಿದಳು. "ಇದೇ ಅಲ್ವಾ ನಿಮಗೆ ಬೇಕಿದ್ದಿದ್ದು? ಕೆಟ್ಟ ಸುದ್ದಿ ಹೇಳಬಾರದು ಅಂದ್ರಿ. ಒಳ್ಳೆ ಸುದ್ದಿ ಕೊಟ್ಟಿದ್ದೀನಿ." ಆಮೇಲೆ ಇಂಟರ್ನೆಟ್ಟಿನಿಂದ ಯಾರದೋ ತೊಟ್ಟಿಯ ಮರಿಗಳ ಫೋಟೋ ತೆಗೆದು ಕಳಿಸಿದಳು. ನೀರಿನಲ್ಲಿ ಅಲ್ಪವಿರಾಮ ಚೆಲ್ಲಿದ ಹಾಗೆ. ನಾನು ಬೇಡ ಎನ್ನಲಿಲ್ಲ.

ಮಾರನೇ ದಿನ ಮಧ್ಯಾಹ್ನ ಸಮೀಕ್ಷಾಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಕೇಳಿ ತೆಗೆದುಕೊಂಡೆ. ಮಗನಿಗೆ ಪತ್ರ ಬರೆಯಲು ಕೂತೆ. ನಾನು ಅಕ್ಷರ ಕಲಿತದ್ದು ಮದುವೆಯಾಗಿ ಮಕ್ಕಳು ದೊಡ್ಡವರಾದ ಮೇಲೆ, ರಾತ್ರಿ ಶಾಲೆಯಲ್ಲಿ. ಅಲ್ಲಿ ಸದಾಶಿವನಿಗಿಂತ ಚಿಕ್ಕ ಪ್ರಾಯದ ಮೇಷ್ಟ್ರು ನಮಗೆ ಪತ್ರ ಬರೆಯುವ ಕ್ರಮ ಕಲಿಸಿದ್ದರು: ಮೊದಲು 'ಇತ್ತ ಎಲ್ಲರೂ ಕ್ಷೇಮ', ಆಮೇಲೆ ಉಳಿದದ್ದು. ಆ ಸಾಲು ಬರೆಯದೆ ಮುಂದೆ ಹೋಗಲು ನನ್ನ ಕೈಗೆ ಗೊತ್ತಿಲ್ಲ. ಬರೆದೆ. ಬರೆದ ಮೇಲೆ ಇನ್ನೇನು ಬರೆಯುವುದು? ಎಲ್ಲ ಕ್ಷೇಮ ಎಂದ ಮೇಲೆ ಮೈಲೋ ಸತ್ತಿದೆ ಎಂದು ಹೇಗೆ ಬರೆಯುವುದು? ಹಾಳೆ ಮಡಚಿ ತಲೆದಿಂಬಿನ ಕೆಳಗಿಟ್ಟೆ. ಇನ್ನೊಂದು ಮಧ್ಯಾಹ್ನ ಇನ್ನೊಂದು ಹಾಳೆ. ಅದೂ ಅಲ್ಲಿಗೇ ನಿಂತಿತು. ಅಷ್ಟು ಹೊತ್ತಿಗೆ, ಮಾತ್ರೆ ಅರ್ಧ ಮಾಡಿದ್ದಕ್ಕೆ, ಅಕ್ಷರದ ಸುತ್ತ ಕಾಮನಬಿಲ್ಲಿನ ಬಳೆ ಕಾಣತೊಡಗಿತು. ಭವ್ಯಾಳಿಗೆ ಗೊತ್ತಾಗಿ, ಬೈದು, ಎರಡೆರಡು ಮಾಸ್ಕು ಕಟ್ಟಿಸಿ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಹೊಸ ಮಾತ್ರೆ ಕೊಡಿಸಿದಳು. ಕಣ್ಣು ಸರಿಯಾಯಿತು. ಪತ್ರ ಹಾಗೇ ಉಳಿಯಿತು.

ಸುಳ್ಳು ಮರಿಗಳು ಹಡಗಿನಲ್ಲಿ ಬೆಳೆಯುತ್ತಾ ಹೋದವು. ತೊಟ್ಟಿ ತೋರಿಸಿ ಎಂದರೆ, ಮರಿಗಳಿಗೆ ಬೆಳಕು ಆಗುವುದಿಲ್ಲ ಎಂದು ಭವ್ಯಾ ಇಂಟರ್ನೆಟ್ಟಿನ ಇನ್ನೊಂದು ಫೋಟೋ ಕಳಿಸುವಳು. ಅಲ್ಲಿಯವರು ಒಬ್ಬೊಬ್ಬರು ಒಂದೊಂದಕ್ಕೆ ಹೆಸರಿಟ್ಟಿದ್ದರು. ಸದಾಶಿವ ಊಟ ಮಾಡುತ್ತಿದ್ದ, ಮಾತಾಡುತ್ತಿದ್ದ, ಕ್ಷೌರ ಮಾಡಿಕೊಂಡಿದ್ದ. ಒಂದು ದಿನ, "ಅಮ್ಮ, ಲೆಕ್ಕ ಹಾಕಿದೆ. ಈ ಮರಿಗಳಿಗೆ ಐದು ವರ್ಷ. ಇವು ಮುದಿಯಾಗುವಾಗ ಸಮೀಕ್ಷಾ ಕಾಲೇಜಲ್ಲಿರ್ತಾಳೆ. ಅಷ್ಟರ ಒಳಗೆ ನನ್ನನ್ನ ಇಳಿಸಲೇಬೇಕಲ್ಲ!" ಎಂದು ನಕ್ಕ. ಆ ನಗುವಿಗೆ ನಾನೂ ನಗಬೇಕಾಯಿತು. ಅವನ ಕಾಲಿನ ಕೆಳಗೆ ನಾವು ಒಂದು ಹಲಗೆ ಇಟ್ಟಿದ್ದೆವು, ಹಲಗೆಯ ಕೆಳಗೆ ಏನೂ ಇರಲಿಲ್ಲ.

ಹೀಗಿರುವಾಗ ಹಡಗು ಪೆನಾಂಗಿಗೇ ಬಂತು.

ಬಂದರಿನೊಳಗೆ ಅಲ್ಲ. ಹೊರಗೆ, ಲಂಗರು ಹಾಕಿ ಸರದಿಗೆ ಕಾಯುವ ಜಾಗದಲ್ಲಿ. ನಮ್ಮ ಬಾಲ್ಕನಿಯಿಂದ ಸೇತುವೆಯ ಆಚೆ ಸಾಲಾಗಿ ನಿಂತ ಹಡಗುಗಳಲ್ಲಿ ಅವನದು ಯಾವುದೆಂದು ತಿಳಿಯದಿದ್ದರೂ, ಯಾವುದೋ ಒಂದು ಅವನದೇ. ಇಳಿಯಲು ಬಿಡುವುದಿಲ್ಲ. ನಮ್ಮನ್ನು ಹತ್ತಲು ಬಿಡುವುದಿಲ್ಲ. ತರಕಾರಿ, ಕುಡಿಯುವ ನೀರು ಒಯ್ಯುವ ಲಾಂಚು ಮಾತ್ರ ಹೋಗಿ ಬರುತ್ತದೆ.

ಅವತ್ತು ಸಂಜೆ ಅವನ ದನಿ ಹುಡುಗನ ದನಿಯಾಗಿತ್ತು.

"ಅಮ್ಮ, ಒಂದು ಕೆಲಸ ಮಾಡಿ. ಹಡಗಿನ ಏಜೆಂಟ್ ಹತ್ತಿರ ಮಾತಾಡಿದ್ದೇನೆ. ನಾಡಿದ್ದಿನ ಲಾಂಚಲ್ಲಿ ಒಂದು ಮರಿ ಕಳಿಸಿ. ಬಾಟ್ಲಿಯಲ್ಲಿ ಹಾಕಿ. ಒಂದೇ ಒಂದು. ಫಿಟ್ಟರ್ ಗಾಜು ಕತ್ತರಿಸಿ ತೊಟ್ಟಿ ಮಾಡಿದ್ದಾನೆ, ಗಾಳಿ ಬಿಡುವ ಪಂಪು ಕೂಡ ನಾನೇ ಮಾಡಿದೆ. ನೋಡು, ನೋಡು!" ಫೋನು ತಿರುಗಿಸಿದ. ಊಟದ ಮೇಜಿನ ಮೇಲೆ ಗಾಜಿನ ಪೆಟ್ಟಿಗೆ. ನೀರು ತುಂಬಿ, ಗುಳ್ಳೆ ಏಳುತ್ತಿತ್ತು. ಸುತ್ತ ಐದಾರು ಗಂಡಸರು ಕೈಬೀಸಿದರು. ನೀರೊಳಗೆ ಏನೂ ಇರಲಿಲ್ಲ.

ಭವ್ಯಾ ಅಡುಗೆಮನೆಗೆ ಹೋಗಿ ನಲ್ಲಿ ಜೋರು ಬಿಟ್ಟು ಅತ್ತಳು. ಆಮೇಲೆ ಮುಖ ತೊಳೆದು ಖೂ ಅವರಿಗೆ ಕರೆ ಮಾಡಿದಳು. ಒಂದು ಮರಿ ಬೇಕು, ಹೇಗಾದರೂ ಮಾಡಿ ಎಂದು ಬೇಡಿಕೊಂಡಳು.

"ಕ್ಯಾನಾಟ್ ಲಾ," ಎಂದರು ಖೂ. ರಾಜ್ಯದ ಗಡಿ ದಾಟಲು ಪೊಲೀಸರು ಬಿಡುವುದಿಲ್ಲ. ಬಿಟ್ಟರೂ, ಅಷ್ಟು ಸಣ್ಣ ಮರಿ ಬಾಟ್ಲಿಯಲ್ಲಿ ಹಡಗು ಮುಟ್ಟುವ ಮೊದಲೇ ಸಾಯುತ್ತದೆ. ತಮ್ಮಲ್ಲೇ ನೂರು ಹುಟ್ಟಿದರೆ ಬದುಕಿಸಿಕೊಳ್ಳುವುದು ಬೆರಳೆಣಿಕೆಯಷ್ಟು.

ನನಗೆ ತಡೆಯಲಾಗಲಿಲ್ಲ. "ಕೇಳು ಮಗಾ," ಎಂದೆ ಸಮೀಕ್ಷಾಳಿಗೆ, "ಐದು ವರ್ಷ ಅಂತ ನಿನ್ನ ಅಪ್ಪನಿಗೆ ಹೇಳಿದ್ದು ಇವರೇ ಅಲ್ದಾ? ಅದು ಸತ್ಯವಾ ಅಂತ ಕೇಳು."

ಖೂ ಬನಿಯನ್ನಿನ ತುದಿಗೆ ಕೈ ಒರೆಸಿಕೊಂಡರು. ಆಮೇಲೆ ಹೇಳಿದ್ದನ್ನು ಮಗು ಮೆಲ್ಲಗೆ ತಿರುಗಿಸಿ ಹೇಳಿದಳು. "ಐದು ವರ್ಷ ಸುಳ್ಳಲ್ಲ ಅಂತೆ ಅಜ್ಜಿ. ಅವರ ಮನೆಯಲ್ಲಿ ಐದು ಬದುಕಿದ್ದುಂಟು, ಅದಕ್ಕಿಂತ ಜಾಸ್ತಿಯೂ ಉಂಟು. ಆದ್ರೆ ಅದು ಅವರ ಮನೆ ಲೆಕ್ಕ. ಕೊಂಡುಹೋದವರ ಮನೆಯಲ್ಲಿ ಎಷ್ಟು ಅಂತ ಅವರಿಗೆ ಸರಿಯಾಗಿ ಗೊತ್ತಿಲ್ಲ. ಚೆನ್ನಾಗಿದ್ರೆ ಯಾರೂ ಫೋನ್ ಮಾಡಲ್ಲ. ಫೋನ್ ಮಾಡೋರದ್ದು ಹೆಚ್ಚಿನವು ಮೊದಲ ವರ್ಷವೇ ಹೋಗಿರ್ತವಂತೆ. ನಿಮ್ಮದು ಅದನ್ನು ದಾಟಿತು, ನೀವು ಚೆನ್ನಾಗಿ ನೋಡಿಕೊಂಡಿದ್ದೀರಿ ಅಂತಾರೆ."

ಚೆನ್ನಾಗಿ ನೋಡಿಕೊಂಡದ್ದಂತೆ.

"ಕಾಯಾನೇ ಕಳಿಸೋಣ," ಎಂದಳು ಭವ್ಯಾ ಫೋನಿಟ್ಟು. ಕಣ್ಣು ಕೆಂಪಗಿತ್ತು. "ಮರಿಗಳು ತುಂಬಾ ಚಿಕ್ಕವು, ತಾಯಿನ ಕಳಿಸ್ತಿದ್ದೀವಿ ಅಂದ್ರಾಯ್ತು."

"ಮಮ್ಮಿ, ನೋ!" ಸಮೀಕ್ಷಾ ತೊಟ್ಟಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು.

"ಇನ್ನೇನು ಮಾಡ್ಲಿ ನಾನು? ಬರೀ ಕೈಯಲ್ಲಿ ಲಾಂಚ್ ಹೋದ್ರೆ? ಅಷ್ಟು ಜನರ ಮುಂದೆ ಅವರಿಗೆ ಗೊತ್ತಾದ್ರೆ?"

"ಕಾಯಾ ಹೋದರೆ ಆ ಬಿಸಿ ಹಡಗಿನಲ್ಲಿ ಎಷ್ಟು ದಿನ ಬದುಕೀತು?" ಎಂದೆ. "ಅದು ಅವನ ಕಣ್ಣೆದುರೇ ಸತ್ತರೆ?"

ನಾನು ಹೋಗಿ ಬಾಲ್ಕನಿಯಲ್ಲಿ ನಿಂತೆ. ಹಡಗುಗಳು ಅಲ್ಲಿಯೇ ಇದ್ದವು. ನನ್ನ ಗಂಡನಿಗೆ ಸುದ್ದಿ ಮುಚ್ಚಿಟ್ಟದ್ದು ನೆನಪಾಯಿತು. ಆಗ ದಕ್ಕೆ ಇತ್ತು. ಬೋಟು ಇವತ್ತಲ್ಲ ನಾಳೆ ಬರುತ್ತದೆಂದು ಗೊತ್ತಿತ್ತು. ಅಣ್ಣ ಅಲ್ಲಿ ಕಾದು ನಿಂತಿದ್ದರು. ಮುಚ್ಚಿಟ್ಟವರೇ ಹೆಗಲ ಮೇಲೆ ಕೈಯಿಡಲು ಬಂದಿದ್ದರು. ಸದಾಶಿವನಿಗೆ ದಡ ಎಲ್ಲುಂಟು? ಇಳಿಯುವ ದಿನವೇ ಇಲ್ಲದವನಿಗೆ ನಾನು ಯಾವ ದಿನಕ್ಕೆಂದು ಮುಚ್ಚಿಡುತ್ತಿದ್ದೇನೆ? ನಾಡಿದ್ದು ಲಾಂಚು ಹಡಗಿಗೆ ತಾಗುತ್ತದೆ. ಆ ಗಾಜಿನ ಪೆಟ್ಟಿಗೆಯ ಸುತ್ತ ಎಲ್ಲರೂ ನಿಂತಿರುತ್ತಾರೆ. ನನ್ನ ಮಗ ಬಾಟ್ಲಿಗೆ ಕೈ ಚಾಚುತ್ತಾನೆ. ಕಟಕಟೆ ಅಲ್ಲೇ, ಎರಡು ಹೆಜ್ಜೆಯಲ್ಲಿ.

ಫೋನಿನಲ್ಲಿ ಹೇಳಲು ಹೆದರಿಕೆ. ಫೋನು ಕಡಿದರೆ ಮುಗಿಯಿತು, ಆಮೇಲೆ ಅವನು ಒಬ್ಬನೇ. ಪತ್ರವಾದರೆ ಅವನ ಕೈಯಲ್ಲಿ ಉಳಿಯುತ್ತದೆ. ಬಿಸಾಡಿದರೂ ಇನ್ನೊಮ್ಮೆ ಹೆಕ್ಕಬಹುದು. ಬೆಳಿಗ್ಗೆ ಎದ್ದು ಹಾಳೆ ತೆಗೆದೆ. ಮೇಷ್ಟ್ರಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿ, ಆ ಮೊದಲ ಸಾಲನ್ನು ಬಿಟ್ಟೆ.

"ಸದಾಶಿವಾ, ಇಲ್ಲಿ ಎಲ್ಲ ಕ್ಷೇಮ ಇಲ್ಲ. ಮೈಲೋ ಸತ್ತುಹೋಯಿತು. ಅದು ಬಸಿರಾಗಿರಲೇ ಇಲ್ಲ. ಹೊಟ್ಟೆಯಲ್ಲಿ ಇದ್ದದ್ದು ಗಾಳಿ. ನಮಗೆ ತಿಳಿಯದೆ ಬಯಕೆ ಊಟ ಹಾಕಿದೆವು. ನಿನಗೆ ಕಳಿಸಿದ ಮರಿಗಳ ಫೋಟೋ ನಮ್ಮ ಮನೆಯದಲ್ಲ. ಭವ್ಯಾ ಹೇಳಿಬಿಡುವ ಎಂದು ಮೊದಲೇ ಹೇಳಿದ್ದಳು. ನೀನು ನೀರಿನ ಮೇಲಿದ್ದಿ ಎಂದು ಬಿಡದವಳು ನಾನು. ಅವಳನ್ನು ಬೈಯಬೇಡ.

"ಕಾಯಾ ಬದುಕಿದೆ. ಒಂದೇ ಉಂಟು. ಬೆಳಿಗ್ಗೆ ಒಂದೇ ಸುತ್ತು ತಿರುಗುತ್ತದೆ, ತಿನ್ನುತ್ತದೆ. ಇನ್ನು ಎಷ್ಟು ದಿನ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಐದು ವರ್ಷ ಎಂಬುದು ಸಾಕಿದವರ ಮನೆಯ ಮಾತು. ನಮ್ಮ ಮನೆಯಲ್ಲಿ ನಾಳೆ ಬೆಳಿಗ್ಗೆ ನೋಡಿದ ಮೇಲೆಯೇ ನಾಳೆಯದು ತಿಳಿಯುವುದು. ನಿನ್ನದೂ ನನಗೆ ಹಾಗೆಯೇ ಆಗಿದೆ ಮಗನೇ. ಬೆಳಿಗ್ಗೆ ಫೋನಿನಲ್ಲಿ ನಿನ್ನ ಮುಖ ಕಂಡರೆ ಆ ದಿನ ದಾಟಿತು ಎಂದು ತಿಳಿಯುತ್ತೇನೆ.

"ನೀನು ಮಾಡಿದ ತೊಟ್ಟಿಗೆ ಹಾಕಲು ನನ್ನ ಹತ್ತಿರ ಏನೂ ಇಲ್ಲ. ನಿನ್ನ ಜೊತೆಯವರಿಗೆ ನೀನೇ ಹೇಳು, ಇಲ್ಲವಾದರೆ ಅವರಿಗೂ ನಾನೇ ಹೇಳುತ್ತೇನೆ, ಮಗು ಇಂಗ್ಲಿಷು ಮಾಡುತ್ತಾಳೆ. ಸಿಟ್ಟು ಬಂದರೆ ಫೋನು ಮಾಡಿ ನನ್ನನ್ನು ಬಾಯಿಗೆ ಬಂದ ಹಾಗೆ ಬೈ. ಅದು ಸಾಲದಿದ್ದರೆ ಎದುರು ನಿಂತು ಬೈಯಲಿಕ್ಕೆ ದಡಕ್ಕೆ ಬಾ. ನಾನು ಬೈಸಿಕೊಳ್ಳಲು ಕಾಯುತ್ತೇನೆ. ನಿನ್ನ ಅಮ್ಮ, ಜಲಜಾಕ್ಷಿ."

ಭವ್ಯಾಳಿಗೆ ಓದಲು ಕೊಟ್ಟೆ. ಓದಿ, ಒಂದು ಪ್ಲಾಸ್ಟಿಕ್ ಚೀಲ ತಂದು ಅದರೊಳಗೆ ಹಾಕಿ, ಗಾಳಿ ತೆಗೆದು, ಬಾಯಿ ಬಿಗಿದಳು.

ಲಾಂಚಿನ ದಿನ ಜೆಟ್ಟಿಗೆ ಕಾರಿನಲ್ಲಿ ಹೋದೆವು. ದಾರಿಯಲ್ಲಿ ಪೊಲೀಸರು ನಿಲ್ಲಿಸಿ ಕೇಳಿದರು, ಭವ್ಯಾ ಏಜೆಂಟರ ಕಾಗದ ತೋರಿಸಿದಳು. ಜೆಟ್ಟಿಯಲ್ಲಿ ಮೀನಿನ ವಾಸನೆ, ಡೀಸೆಲ್ಲು. ಕೋಸು, ಮೊಟ್ಟೆ, ಅಕ್ಕಿಮೂಟೆ ಲಾಂಚಿಗೆ ಏರುತ್ತಿತ್ತು. ನಮ್ಮದು ಒಂದು ಡಬ್ಬಿ ಚಕ್ಕುಲಿ, ಮಾವಿನ ಉಪ್ಪಿನಕಾಯಿ ಮತ್ತು ಆ ಪತ್ರದ ಚೀಲ. ಲಾಂಚಿನವನು ತಮಿಳಿನವನು. ಡಬ್ಬಿಗೆಲ್ಲ ಸ್ಯಾನಿಟೈಸರ್ ಹೊಡೆದು, "ಮೀನ್ ಎಂಗೆ ಮಾ?" ಎಂದ, ಮೀನೆಲ್ಲಿ ಎಂದು. ಬಾಟ್ಲಿ ಉಂಟು ಎಂದು ಏಜೆಂಟ್ ಹೇಳಿದ್ದರಂತೆ.

"ಮೀನಿಲ್ಲ," ಎಂದಳು ಭವ್ಯಾ.

ಅವಳ ಹೆಗಲಚೀಲದಲ್ಲಿ ಫೋನು ಗುಂಯ್‌ಗುಟ್ಟಿತು. ಹಡಗಿನದು. ಲಾಂಚು ಹೊರಟಿತಾ ಎಂದು ಕೇಳಲಿಕ್ಕೆ. ಅವಳು ತೆಗೆಯಲಿಲ್ಲ. ಫೋನು ನಿಂತಿತು, ಮತ್ತೆ ಗುಂಯ್‌ಗುಟ್ಟಿತು.

"ಅತ್ತೆ," ಎಂದು ನನ್ನ ತೋಳು ಹಿಡಿದಳು. "ಅವರು ಏನಾದ್ರೂ ಮಾಡ್ಕೊಂಡ್ರೆ?"

ಅವಳ ಕೈಯ ಮೇಲೆ ನನ್ನ ಕೈಯಿಟ್ಟೆ. ಲಾಂಚಿನವನು ಹಗ್ಗ ಬಿಚ್ಚಿ, ಒಂದು ಕಾಲು ಜೆಟ್ಟಿಯಲ್ಲಿ ಒಂದು ಕಾಲು ಲಾಂಚಿನಲ್ಲಿ ಇಟ್ಟುಕೊಂಡು, ಕೊಡುವುದಾದರೆ ಕೊಡಿ ಎಂಬಂತೆ ಕೈ ಚಾಚಿದ.

"ಎಂಜಿನ್ ಸದಾಶಿವನ ಕೈಗೇ ಕೊಡಪ್ಪ," ಎಂದೆ. "ಬೇರೆ ಯಾರಿಗೂ ಬೇಡ. ಅವನು ಓದಿ ಮುಗಿಸುವ ತನಕ ಲಾಂಚು ಬಿಡಬೇಡ. ನೀನು ಅವನ ಹತ್ತಿರವೇ ನಿಂತಿರು."

ಅವನಿಗೆ ಎಷ್ಟು ತಿಳಿಯಿತೋ. ನನ್ನ ಮುಖ ನೋಡಿ, "ಸರಿ ಮಾ, ನಿಕ್ಕಿರೇನ್," ಎಂದ, ನಿಲ್ಲುತ್ತೇನೆ ಎಂದು. ನಾನು ಪತ್ರವನ್ನು ಅವನ ಅಂಗೈಯಲ್ಲಿಟ್ಟೆ. ಅವನು ಅದನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದ. ಲಾಂಚು ಹೊರಟಿತು.